ತೋಟದ ಮನೆಯೋ ಪೇಟೆಯ ಫ್ಲ್ಯಾಟೋ: ಕಾಸರಗೋಡಿನ ನಿವೃತ್ತರು ಹಾಕಬೇಕಾದ ಲೆಕ್ಕ

ನಿವೃತ್ತಿಯ ನಂತರ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗೆ ಮರಳಬೇಕೆಂದಿರುವವರು ಮಂಗಳೂರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುತ್ತಾರೆ. ಅದಕ್ಕೂ ಮೊದಲು ಅಳೆಯಬೇಕಾದ ದೂರ ಇನ್ನೊಂದಿದೆ: ಮಲಗುವ ಕೋಣೆಯಿಂದ ಡಾಮರು ರಸ್ತೆಗೆ. ಗುಡ್ಡೆಯ ಬುಡದಲ್ಲಿ ತೋಟ, ತೋಟದ ತಲೆಗೆ ಮನೆ, ನಡುವೆ ತೋಡು, ತೋಡಿಗೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಬೇಸಿಗೆಯಲ್ಲಿ ಜೀಪು ಮನೆಯ ಅಂಗಳದ (ಜಾಲಿನ) ವರೆಗೂ ಬರುತ್ತದೆ. ಜುಲೈ–ಆಗಸ್ಟ್‌ನ ಮಳೆಯ ತಿಂಗಳಾದ ಆಟಿಯಲ್ಲಿ ಅದೇ ದಾರಿ ಕೆಸರಾಗಿ, ಅಂಬುಲೆನ್ಸ್ ಗೇಟಿನ ಹತ್ತಿರವೇ ನಿಲ್ಲುತ್ತದೆ. ಅಲ್ಲಿಂದ ಮನೆಯವರೆಗಿನ 200 ಮೀಟರನ್ನು ರೋಗಿಯನ್ನು ಹೊತ್ತೇ ದಾಟಬೇಕು. ಹೊರಲು ನಾಲ್ಕು ಜನ ಗಂಡಾಳುಗಳು ಬೇಕು. ಅಕ್ಕಪಕ್ಕದ ಮನೆಗಳಲ್ಲೂ ಎಪ್ಪತ್ತು ದಾಟಿದವರೇ ಉಳಿದಿದ್ದರೆ ಆ ನಾಲ್ವರು ಎಲ್ಲಿಂದ ಬರಬೇಕು?

ಹಳ್ಳಿಯೋ ಪೇಟೆಯೋ ಎಂಬ ಚರ್ಚೆ ಬಹುಪಾಲು ಗಾಳಿ, ನೀರು, ನೆಮ್ಮದಿ ಒಂದು ಕಡೆ, ಆಸ್ಪತ್ರೆ ಇನ್ನೊಂದು ಕಡೆ ಎಂಬಲ್ಲಿಗೆ ನಿಂತುಬಿಡುತ್ತದೆ. ಕಾಸರಗೋಡಿನ ಕನ್ನಡಿಗರಿಗೆ ಲೆಕ್ಕ ಅಷ್ಟು ಸರಳವಲ್ಲ. ಇಲ್ಲಿ ತುರ್ತಿಗೆ ಓಡುವ ದೊಡ್ಡ ಆಸ್ಪತ್ರೆಗಳಿರುವುದು ಕರ್ನಾಟಕದಲ್ಲಿ. ಹಾಸಿಗೆ ಹಿಡಿದ ಮೇಲೆ ಮನೆಬಾಗಿಲಿಗೆ ಬರುವ ದಾದಿ ಇರುವುದು ಕೇರಳದಲ್ಲಿ. ಎರಡೂ ಬೇಕು. ಯಾವ ವಯಸ್ಸಿನಲ್ಲಿ ಯಾವುದು ಹೆಚ್ಚು ಬೇಕು ಎಂದು ತಿಳಿದರೆ ಮನೆ ಎಲ್ಲಿರಬೇಕು ಎಂಬುದು ಬಹುಮಟ್ಟಿಗೆ ಇತ್ಯರ್ಥವಾಗುತ್ತದೆ.

ಗಡಿಯಾರ ಯಾವಾಗ ಶುರುವಾಗುತ್ತದೆ

ಎಲ್ಲರೂ ಹೆದರುವುದು ಹೃದಯಾಘಾತಕ್ಕೆ. ಹಳ್ಳಿಯಲ್ಲಿರುವವರಿಗೆ ಹೆಚ್ಚು ತೊಡಕಾಗುವುದು ಮಾತ್ರ ಪಾರ್ಶ್ವವಾಯು. ಹೃದಯಾಘಾತಕ್ಕೆ ಎರಡು ದಾರಿಗಳಿವೆ. ಒಂದು, ನೇರ ಆಂಜಿಯೋಪ್ಲಾಸ್ಟಿ. ಇಸಿಜಿಯಲ್ಲಿ ಗೊತ್ತಾದ 2 ಗಂಟೆಯೊಳಗೆ ಅದು ಸಾಧ್ಯವಾಗುವ ಹಾಗಿದ್ದರೆ ಅದೇ ಉತ್ತಮ. ಅಷ್ಟು ಬೇಗ ಸಾಧ್ಯವಿಲ್ಲದಿದ್ದರೆ ಹತ್ತಿರದ ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ಆಮೇಲೆ ಒಂದು ದಿನದೊಳಗೆ ದೊಡ್ಡ ಆಸ್ಪತ್ರೆಗೆ ಕಳಿಸುವುದು. ಈ ಎರಡನೆಯ ದಾರಿ ಗೊತ್ತಿಲ್ಲದೆ, ಎದೆನೋವು ಬಂದ ಕೂಡಲೇ ಕಾರು ಹತ್ತಿಸಿ ಸೀದಾ ಮಂಗಳೂರಿಗೆ ಹೊರಡುವುದು ನಮ್ಮ ಕಡೆಯ ರೂಢಿ. ಎಣ್ಮಕಜೆಯ ಒಳಗಿನಿಂದಲೋ ದೇಲಂಪಾಡಿಯಿಂದಲೋ ಹೊರಟರೆ ಮೊದಲ ಇಸಿಜಿ ಆಗುವಷ್ಟರಲ್ಲೇ ಒಂದೂವರೆ ಗಂಟೆ ಹೋಗಿರುತ್ತದೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ಇಸಿಜಿ ತೆಗೆಯುತ್ತಾರೆ, ಹೆಪ್ಪು ಕರಗಿಸುವ ಮದ್ದು ಅಲ್ಲಿ ಇರುತ್ತದೆಯೇ ಎಂದು ಆರೋಗ್ಯ ಚೆನ್ನಾಗಿರುವಾಗಲೇ ಹೋಗಿ ಕೇಳಿ, ಗೋಡೆಯ ಕ್ಯಾಲೆಂಡರಿನ ಬದಿಯಲ್ಲಿ ಬರೆದಿಡಬೇಕು. ಮನೆಯಲ್ಲಿ 300 ಮಿ.ಗ್ರಾಂ. ಆಸ್ಪಿರಿನ್ ಇರಲಿ. ಅಲರ್ಜಿ, ಹೊಟ್ಟೆಹುಣ್ಣಿನ ರಕ್ತಸ್ರಾವ ಇಲ್ಲದವರು ಎದೆನೋವಿಗೆ ಅದನ್ನು ನುಂಗದೆ ಅಗಿಯಬೇಕು. ನಾಲಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರ ವೈದ್ಯರು ಮೊದಲೇ ಬರೆದುಕೊಟ್ಟವರಿಗೆ. ಬಿಪಿ ತಗ್ಗಿರುವವರಿಗೆ ಅದನ್ನು ಕೊಟ್ಟರೆ ಇನ್ನಷ್ಟು ತಗ್ಗಿ ದಾರಿಯಲ್ಲೇ ಪ್ರಜ್ಞೆ ತಪ್ಪುತ್ತದೆ.

ಪಾರ್ಶ್ವವಾಯುವಿಗೆ ಅಂಥ ಹತ್ತಿರದ ದಾರಿ ಇಲ್ಲ. ಮಿದುಳಿನಲ್ಲಿ ಹೆಪ್ಪುಗಟ್ಟಿದೆಯೋ ರಕ್ತ ಸುರಿದಿದೆಯೋ ಎಂದು ಸಿಟಿ ಸ್ಕ್ಯಾನ್ ಮಾಡದೆ ಯಾರಿಗೂ ಹೇಳಲಾಗದು. ಹೆಪ್ಪು ಎಂದು ಖಚಿತವಾದರೆ ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಅವಧಿ ನಾಲ್ಕೂವರೆ ಗಂಟೆ. ಸ್ಕ್ಯಾನ್ ಆಗುವ ಮೊದಲು ಮನೆಯಲ್ಲಿ ಆಸ್ಪಿರಿನ್ ಕೊಡುವುದು ಅಪಾಯ. ಮುಖ ಸೊಟ್ಟಗಾಗುವುದು, ಒಂದು ಕೈ ಬೀಳುವುದು, ಮಾತು ತೊದಲುವುದು, ಈ ಮೂರರಲ್ಲಿ ಒಂದು ಕಂಡರೂ ಸಿಟಿ ಸ್ಕ್ಯಾನ್ ಮತ್ತು ಇಂಜೆಕ್ಷನ್ ಎರಡೂ ಇರುವ ಜಾಗಕ್ಕೇ ಹೋಗಬೇಕು. ಸ್ಕ್ಯಾನ್ ಮಾತ್ರ ಇರುವ ಕಡೆಗೆ ಹೋಗಿ ಅಲ್ಲಿಂದ ಇನ್ನೊಂದು ಕಡೆಗೆ ಕಳಿಸಿಕೊಂಡರೆ ಒಂದು ಗಂಟೆ ಸುಮ್ಮನೆ ಹೋಗುತ್ತದೆ.

ಒಂಟಿಯಾಗಿರುವವರಿಗೆ ಇದರಲ್ಲಿ ಒಂದು ಸೂಕ್ಷ್ಮವಿದೆ. ನಾಲ್ಕೂವರೆ ಗಂಟೆಯನ್ನು ಎಣಿಸುವುದು ರೋಗಿ ಬಿದ್ದು ಸಿಕ್ಕಿದ ಹೊತ್ತಿನಿಂದಲ್ಲ. ಅವರು ಸರಿಯಾಗಿದ್ದುದನ್ನು ಯಾರಾದರೂ ಕೊನೆಯದಾಗಿ ಕಂಡ ಹೊತ್ತಿನಿಂದ. ಬೆಳಿಗ್ಗೆ ಹಾಲು ತರುವ ಹುಡುಗ ಏಳು ಗಂಟೆಗೆ ಬಂದು ನೋಡಿದಾಗ ಮನೆಯ ಯಜಮಾನರು ನೆಲದಲ್ಲಿದ್ದರೆ, ಹಿಂದಿನ ರಾತ್ರಿ ಒಂಬತ್ತಕ್ಕೆ ಮಗಳೊಂದಿಗೆ ಫೋನಿನಲ್ಲಿ ಮಾತಾಡಿದ್ದೇ ಕೊನೆಯ ಸಾಕ್ಷಿ. ಹತ್ತು ಗಂಟೆ ಕಳೆದಿದೆ. ಆಸ್ಪತ್ರೆ ಪಕ್ಕದ ಬೀದಿಯಲ್ಲೇ ಇದ್ದರೂ ಆ ಇಂಜೆಕ್ಷನ್ ಸಾಮಾನ್ಯವಾಗಿ ಸಿಗುವುದಿಲ್ಲ. ಮಂಗಳೂರಿನ ಕಂಕನಾಡಿಯ ಫ್ಲ್ಯಾಟಿನಲ್ಲಿ ಒಬ್ಬರೇ ಇರುವವರಿಗಿಂತ, ಪೈವಳಿಕೆ ಹಳ್ಳಿಯ ತರವಾಡು (ಕುಟುಂಬದ ಮೂಲ) ಮನೆಯಲ್ಲಿ ನಾಲ್ಕು ಜನರ ನಡುವೆ ಇರುವವರು ಈ ಒಂದು ವಿಷಯದಲ್ಲಿ ಹೆಚ್ಚು ಸುರಕ್ಷಿತರು. ದೂರದ ಲೆಕ್ಕ ಮಾತ್ರ ಹಾಕುವವರು ಕಾಣದೆ ಬಿಡುವುದು ಇದನ್ನೇ.

ಹಾವಿನ ಕಡಿತ ಇನ್ನೊಂದು. ಸಂಜೆ ತೋಟದಲ್ಲಿ ನೀರು ಬಿಡಲು, ಬಿದ್ದ ಅಡಿಕೆ ಹೆಕ್ಕಲು ಹೋಗುವವರು ಹೆಚ್ಚಾಗಿ ವಯಸ್ಸಾದವರೇ. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡಲು ಒಂದು ಗಾಜಿನ ಪ್ರನಾಳ ಮತ್ತು 20 ನಿಮಿಷ ಸಾಕು, ಅದನ್ನು ಸಣ್ಣ ಆಸ್ಪತ್ರೆಯಲ್ಲೂ ಮಾಡಬಹುದು. ಆದರೆ ಕೊಳಕುಮಂಡಲ ಕಚ್ಚಿದರೆ ಪ್ರತಿವಿಷದ ಜೊತೆಗೆ ಡಯಾಲಿಸಿಸ್ ಕೂಡ ಬೇಕಾಗಬಹುದು. ಹಾಗಾಗಿ ಮೊದಲ ಬಾಟಲಿಗಳು ಹತ್ತಿರದಲ್ಲಿ, ಉಳಿದ ಚಿಕಿತ್ಸೆ ದೊಡ್ಡ ಆಸ್ಪತ್ರೆಯಲ್ಲಿ ಎಂಬುದೇ ಸರಿಯಾದ ಕ್ರಮ. ಬಿಗಿಯಾಗಿ ಕಟ್ಟುವುದು, ಗಾಯ ಕೊಯ್ಯುವುದು ಬೇಡ.

ಮಧ್ಯೆ ಒಂದು ಗಡಿ

ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಹೊಸಂಗಡಿಯಿಂದ ಅದರ ಅರ್ಧಕ್ಕಿಂತ ಕಡಿಮೆ. ತಲಪಾಡಿಯಿಂದ ಚೆಂಗಳದವರೆಗಿನ ಹೆದ್ದಾರಿ ಆರು ಪಥವಾದ ಮೇಲೆ ಉಪ್ಪಳ, ಕುಂಬಳೆಯವರ ಪ್ರಯಾಣ ಹಗುರವಾಗಿದೆ. ಒಂದು ಎಚ್ಚರಿಕೆ: ಮುಖ್ಯ ಪಥಕ್ಕೆ ಎಲ್ಲೆಂದರಲ್ಲಿ ಹತ್ತಲಾಗದು. ನಿಮ್ಮ ಒಳರಸ್ತೆ ಸರ್ವಿಸ್ ರಸ್ತೆಗೆ ಸೇರಿದ ಮೇಲೆ ಉತ್ತರಕ್ಕೆ ಹೋಗಲು ಯಾವ ಅಡಿಸೇತುವೆಯಲ್ಲಿ ತಿರುಗಬೇಕು ಎಂದು ಹಗಲಲ್ಲೇ ಒಮ್ಮೆ ಓಡಿಸಿ ನೋಡಿಟ್ಟುಕೊಳ್ಳಿ. ರಾತ್ರಿಯ ಗಾಬರಿಯಲ್ಲಿ ತಪ್ಪುವುದು ಇಲ್ಲಿಯೇ. ಪೆರ್ಲ, ಬದಿಯಡ್ಕದವರಿಗೆ ಅಡ್ಕಸ್ಥಳದ ಮೂಲಕ ವಿಟ್ಲ, ಪುತ್ತೂರಿನ ದಾರಿಯೂ ಇದೆ.

ಮಂಗಳೂರಿಗೆ ಹೋದರೆ ಆಯ್ಕೆಗೆ ಕೊರತೆ ಇಲ್ಲ. ಸರಕಾರದ ವೆನ್ಲಾಕ್, ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು, ನಗರದೊಳಗಿನ ಖಾಸಗಿ ಆಸ್ಪತ್ರೆಗಳು. ದೇರಳಕಟ್ಟೆ ನಗರಕ್ಕೆ ಮೊದಲೇ ಸಿಗುವುದರಿಂದ ತೊಕ್ಕೊಟ್ಟು, ನೇತ್ರಾವತಿ ಸೇತುವೆ, ಪಂಪ್‌ವೆಲ್‌ನ ದಟ್ಟಣೆ ತಪ್ಪುತ್ತದೆ. ಇತ್ತ ಕೇರಳದ ಒಳಗೆ ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ. ಪರಿಯಾರಂ ಮೆಡಿಕಲ್ ಕಾಲೇಜು ಕಣ್ಣೂರು ಜಿಲ್ಲೆಯಲ್ಲಿ, ನಮ್ಮ ಕಡೆಯವರಿಗೆ ಮಂಗಳೂರಿಗಿಂತ ದೂರ. ಬದಿಯಡ್ಕ–ಪೆರ್ಲ ದಾರಿಯ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರ ನವೆಂಬರ್ 30ರಂದು. 2020ರಲ್ಲಿ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು, ಹೊರರೋಗಿ ವಿಭಾಗ 2022ರಲ್ಲಿ ಬಂತು, ಎಂಬಿಬಿಎಸ್‌ಗೆ 50 ಸೀಟು ಸಿಕ್ಕಿದ್ದು 2025ರಲ್ಲಿ. ಹನ್ನೆರಡು ವರ್ಷ! ಅದನ್ನು ನಂಬಿ ಹತ್ತಿರದಲ್ಲಿ ಜಾಗ ಕೊಂಡವರು ಕಾಯುತ್ತಲೇ ಬಂದಿದ್ದಾರೆ. ಕಟ್ಟಡ ನೋಡಿ ನಿರ್ಧಾರ ಮಾಡಬಾರದು. ರಾತ್ರಿ ಪಾಳಿಯಲ್ಲಿ ಯಾವ ವಿಭಾಗದ ವೈದ್ಯರಿದ್ದಾರೆ, ತೀವ್ರ ನಿಗಾ ಘಟಕ ನಡೆಯುತ್ತಿದೆಯೇ ಎಂದು ಕೇಳಿ, ಅದರ ಮೇಲೆ ಮಾಡಬೇಕು.

2020ರ ಮಾರ್ಚ್ ಕೊನೆಯಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಏನಾಯಿತೆಂಬುದು ಈ ಜಿಲ್ಲೆಯಲ್ಲಿ ಯಾರಿಗೂ ಮರೆತಿಲ್ಲ. ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಮಂಗಳೂರಿನಲ್ಲೇ ವರ್ಷಗಳಿಂದ ಚಿಕಿತ್ಸೆ ಪಡೆಯುತ್ತಿದ್ದವರು ಗಡಿಯಲ್ಲಿ ತಡೆಯಲ್ಪಟ್ಟರು, ಹಲವರು ಜೀವ ಕಳೆದುಕೊಂಡರು. ಕೇರಳ ಹೈಕೋರ್ಟಿನ ಆದೇಶ, ಸುಪ್ರೀಂ ಕೋರ್ಟಿನವರೆಗಿನ ವಾದ, ಕೊನೆಗೆ ತುರ್ತು ರೋಗಿಗಳಿಗೆ ಮಾತ್ರ ದಾರಿ. ಅಂಥ ದಿನ ಮತ್ತೆ ಬರಬಹುದೆಂದು ಯಾರೂ ಬಯಸುವುದಿಲ್ಲ. ಆದರೂ ಡಯಾಲಿಸಿಸ್, ಕಿಮೋಥೆರಪಿಯಂತೆ ತಪ್ಪಿಸಲಾಗದ ಚಿಕಿತ್ಸೆಯಲ್ಲಿರುವವರು ಗಡಿಯ ಈಚೆಗೂ ಒಂದು ಆಸ್ಪತ್ರೆಯಲ್ಲಿ ತಮ್ಮ ಕಡತ ತೆರೆದಿಟ್ಟಿರುವುದು ಒಳ್ಳೆಯದು. ವರ್ಷಕ್ಕೊಮ್ಮೆ ಅಲ್ಲಿ ತೋರಿಸಿದರೆ ಸಾಕು.

108ರ ವಿಷಯವನ್ನೂ ಹೇಳಬೇಕು. ಎರಡೂ ರಾಜ್ಯಗಳಲ್ಲಿ ಸಂಖ್ಯೆ ಒಂದೇ, ನಿಯಂತ್ರಣ ಕೇಂದ್ರ ಬೇರೆ. ವರ್ಕಾಡಿ, ಮೀಂಜದಂಥ ಅಂಚಿನ ಊರುಗಳಲ್ಲಿ ಮೊಬೈಲು ಕರ್ನಾಟಕದ ಟವರ್ ಹಿಡಿದಿದ್ದರೆ ಕರೆ ಆಚೆಗೆ ಹೋಗಬಹುದು. ಊರಿನ ಹೆಸರು ಹೇಳಿದರೆ ಅವರಿಗೆ ಗೊತ್ತಾಗುವುದಿಲ್ಲ. ಮಾತಿನ ಮೊದಲ ವಾಕ್ಯವೇ ‘ಕೇರಳ, ಕಾಸರಗೋಡು ಜಿಲ್ಲೆ, ಇಂಥ ಪಂಚಾಯತ್’ ಎಂದಿರಲಿ. ಊರಿನ ಕ್ಲಬ್ಬು, ಸೇವಾ ಸಂಸ್ಥೆಗಳ ಅಂಬುಲೆನ್ಸ್ ಚಾಲಕರ ನಂಬರ್ ಎರಡಾದರೂ ಫೋನಿನಲ್ಲಿರಲಿ. ಸಂಕ ಎಲ್ಲಿ, ಯಾವ ಗೇಟು ಎಂದು ಅವರಿಗೆ ಕೇಳದೆಯೇ ತಿಳಿದಿರುತ್ತದೆ.

ಕಾರ್ಡು, ಪಾಲಿಸಿ

ಚಿಕಿತ್ಸೆ ಗಡಿ ದಾಟಿದಷ್ಟು ಸುಲಭವಾಗಿ ಹಣ ದಾಟುವುದಿಲ್ಲ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಕಾರ್ಡು ಇದ್ದವರಲ್ಲಿ ಕೆಲವರು ಕೇಂದ್ರದ ಆಯುಷ್ಮಾನ್ ಪಟ್ಟಿಯವರು, ಉಳಿದವರು ರಾಜ್ಯವೇ ಸೇರಿಸಿಕೊಂಡವರು. ಮಂಗಳೂರಿನಲ್ಲಿ ಅದು ನಡೆಯುವುದೋ ಇಲ್ಲವೋ ಎಂಬುದು ಈ ವ್ಯತ್ಯಾಸದ ಮೇಲೆ ನಿಂತಿದೆ. 70 ದಾಟಿದವರಿಗೆ ಆದಾಯ ನೋಡದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಆಯುಷ್ಮಾನ್ ವಯ ವಂದನಾ ಕಾರ್ಡನ್ನು ಕೇಂದ್ರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಕಾರ್ಡು ಕೈಗೆ ಬಂದದ್ದೇ ಸಾಲದು. ನೀವು ಹೋಗುವ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲಿ ಕಾರ್ಡನ್ನೇ ತೋರಿಸಿ ‘ಇದಕ್ಕೆ ಇಲ್ಲಿ ದಾಖಲು ಮಾಡಿಕೊಳ್ಳುತ್ತೀರಾ’ ಎಂದು ಮೊದಲೇ ಕೇಳಿಕೊಳ್ಳಬೇಕು.

ಕನ್ನಡ ಶಾಲೆಗಳ ನಿವೃತ್ತ ಅಧ್ಯಾಪಕರೂ ಸೇರಿದಂತೆ ಕೇರಳ ಸರಕಾರದ ಪಿಂಚಣಿದಾರರಿಗೆ 2022ರ ಜುಲೈ 1ರಿಂದ ಮೆಡಿಸೆಪ್ ಎಂಬ ಆರೋಗ್ಯ ವಿಮೆ ಇದೆ. ಗಡಿಯಾಚೆಯ ಯಾವ ಆಸ್ಪತ್ರೆ, ಅದರಲ್ಲೂ ಯಾವ ವಿಭಾಗ ಪಟ್ಟಿಯಲ್ಲಿದೆ ಎಂದು ಆಗಾಗ ನೋಡುತ್ತಿರಬೇಕು. ಕೇಂದ್ರ ಸರಕಾರಿ ಪಿಂಚಣಿದಾರರು ತಮ್ಮ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್ ವ್ಯಾಪ್ತಿಯ ಹೊರಗಿನ ಹಳ್ಳಿಗೆ ಬಂದರೆ ತಿಂಗಳಿಗೆ 1,000 ರೂಪಾಯಿಯ ನಿಗದಿತ ವೈದ್ಯಕೀಯ ಭತ್ಯೆಗೆ ಅರ್ಜಿ ಹಾಕಬಹುದು. ಬೆಂಗಳೂರಿನಿಂದ ಬಂದವರು ಇದನ್ನು ಮರೆಯುವುದೇ ಹೆಚ್ಚು.

ಖಾಸಗಿ ವಿಮೆಯಲ್ಲಿ ಎರಡು ಹೊಂಡಗಳಿವೆ. ಕೆಲವು ಪಾಲಿಸಿಗಳು ವಿಳಾಸದ ಊರು ನೋಡಿ ಕಂತು ನಿಗದಿ ಮಾಡುತ್ತವೆ. ಹಳ್ಳಿಯ ವಿಳಾಸಕ್ಕೆ ಕಂತು ಕಡಿಮೆ, ಆದರೆ ದೊಡ್ಡ ನಗರದಲ್ಲಿ ದಾಖಲಾದರೆ ಬಿಲ್ಲಿನ ಒಂದು ಪಾಲು ನಿಮ್ಮ ತಲೆಗೆ. ಇನ್ನೊಂದು ಕೋಣೆ ಬಾಡಿಗೆಯ ಮಿತಿ. 3 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇಕಡಾ 1 ಎಂದಿದ್ದರೆ ನಿಮಗೆ ಸಲ್ಲುವುದು 3,000 ರೂಪಾಯಿಯ ಕೋಣೆ. 6,000ದ ಕೋಣೆ ಹಿಡಿದರೆ ಹೆಚ್ಚುವರಿ 3,000 ಮಾತ್ರ ಕೈಯಿಂದ ಹೋಗುತ್ತದೆ ಎಂದುಕೊಳ್ಳುವುದು ತಪ್ಪು. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕವೂ ಅದೇ ಅನುಪಾತದಲ್ಲಿ ಅರ್ಧಕ್ಕೆ ಇಳಿಯುತ್ತದೆ. 2024ರ ಏಪ್ರಿಲ್‌ನಿಂದ 65 ದಾಟಿದವರಿಗೂ ಹೊಸ ಪಾಲಿಸಿ ಸಿಗುವ ದಾರಿ ತೆರೆದಿದೆ, ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 3 ವರ್ಷಕ್ಕೆ ಇಳಿದಿದೆ. ಆದರೂ ಆ ಕಾಯುವ ಅವಧಿ ಇರುವುದರಿಂದ ಪಾಲಿಸಿ ಮಾಡುವ ವಯಸ್ಸು 70 ಅಲ್ಲ, ಕೆಲಸದಲ್ಲಿರುವಾಗಲೇ. ಬಿಪಿ, ಸಕ್ಕರೆ ಕಾಯಿಲೆ ಮುಚ್ಚಿಟ್ಟು ಮಾಡಿಸಬೇಡಿ. ಕ್ಲೇಮು ತಿರಸ್ಕಾರವಾಗುವುದಕ್ಕೆ ಅದು ದೊಡ್ಡ ಕಾರಣ.

ಹಳ್ಳಿ ಬಿಡಿಸುವ ಕಾಯಿಲೆಗಳು ಬೇರೆ

ತೋಟದ ಮನೆ ಬಿಟ್ಟು ಪೇಟೆಗೆ ಹೋಗುವಂತೆ ಮಾಡುವುದು ಹೆಚ್ಚಿನ ಸಲ ತುರ್ತು ಸ್ಥಿತಿಯಲ್ಲ, ಪದೇ ಪದೇ ಮಾಡಬೇಕಾದ ಪ್ರಯಾಣ. ವಾರಕ್ಕೆ 3 ಡಯಾಲಿಸಿಸ್ ಎಂದರೆ ವರ್ಷಕ್ಕೆ 156 ಸಲ. ಹೋಗಿ ಬರಲು 100 ಕಿ.ಮೀ. ಎಂದಿಟ್ಟುಕೊಂಡರೆ 15,600 ಕಿ.ಮೀ. ಪ್ರತಿ ಸಲ ನಾಲ್ಕು ಗಂಟೆ ಯಂತ್ರದ ಪಕ್ಕ, ಮುಗಿದ ಮೇಲೆ ಬಿಪಿ ಇಳಿದು ತಲೆ ತಿರುಗುವ ಸ್ಥಿತಿಯಲ್ಲಿ ತಿರುವುಗಳ ರಸ್ತೆಯಲ್ಲಿ ವಾಪಸು. ಬಾಡಿಗೆ ಕಾರಿನ ಖರ್ಚು ಚಿಕಿತ್ಸೆಯ ಖರ್ಚಿಗೆ ಸಮನಾಗುವುದು ಇಲ್ಲಿಯೇ. ಯಂತ್ರ ಇರುವ ಜಾಗದ 10 ಕಿ.ಮೀ. ಒಳಗೆ ಬಾಡಿಗೆ ಮನೆ ಹಿಡಿಯುವುದು ಲೆಕ್ಕದಲ್ಲೂ ಅಗ್ಗ, ದೇಹಕ್ಕೂ ಹಿತ. ಪಾರ್ಶ್ವವಾಯುವಿನ ನಂತರದ ಫಿಸಿಯೋಥೆರಪಿಯೂ ಹೀಗೆಯೇ, ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ದಿನವೂ ಬೇಕು. ಸಕ್ಕರೆ, ಬಿಪಿ, ಥೈರಾಯ್ಡ್‌ಗೆ ಮಾತ್ರ ಹಳ್ಳಿಯೇ ಸಾಕು. ಪಂಚಾಯತ್‌ನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಜೀವನಶೈಲಿ ರೋಗಗಳ ಕ್ಲಿನಿಕ್ ಇರುತ್ತದೆ, ತಿಂಗಳ ಮಾತ್ರೆ ಉಚಿತವಾಗಿ ಸಿಗುತ್ತದೆ.

ಇನ್ನೊಂದು, ಕಾರು ಓಡಿಸುವವರು ಯಾರು ಎಂಬುದು. ಅರುವತ್ತೈದರಲ್ಲಿ ಮಂಗಳೂರಿಗೆ ಸ್ವತಃ ಓಡಿಸಿಕೊಂಡು ಹೋಗುವವರಿಗೆ ಹಳ್ಳಿ ದೂರ ಅನ್ನಿಸುವುದಿಲ್ಲ. ಕಣ್ಣಿನ ಪೊರೆ ಬಂದು ಎದುರಿನ ಹೆಡ್‌ಲೈಟ್ ಚದುರಿದಂತೆ ಕಾಣಲು ಶುರುವಾದ ದಿನ ಅದೇ ಮನೆ ದುಪ್ಪಟ್ಟು ದೂರವಾಗುತ್ತದೆ. ಗಂಡ ಮಾತ್ರ ಓಡಿಸುವವನಾಗಿದ್ದರೆ, ಅವನು ಮಲಗಿದ ದಿನ ಮನೆಗೆ ವಾಹನವೇ ಇಲ್ಲದಂತೆ. ಹೆಂಡತಿಯೂ ಐವತ್ತೈದರಲ್ಲೇ ಕಲಿಯುವುದು, ಅಥವಾ ಫರ್ಲಾಂಗು ದೂರದ ಆಟೋದವನೊಂದಿಗೆ ರಾತ್ರಿ ಕರೆಗೂ ಬರುವಂತೆ ಮಾತಾಡಿಟ್ಟುಕೊಳ್ಳುವುದು, ಎರಡರಲ್ಲೊಂದು ಆಗಿರಲೇಬೇಕು. ಸಂಜೆ ಕೊನೆಯ ಬಸ್ಸು ಹೋದ ಮೇಲೆ ಒಳನಾಡಿನಲ್ಲಿ ಬೇರೆ ದಾರಿ ಇಲ್ಲ.

ಬೀಳುವುದನ್ನು ತಡೆಯುವ ಮನೆ

ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ನಾಡು. ಜೂನ್ ಕೊನೆಗೆ ಜಾಲು, ಬಾವಿಕಟ್ಟೆ, ಬಚ್ಚಲಿನ ದಾರಿಯೆಲ್ಲ ಹಾವಸೆ. ಸೊಂಟದ ಮೂಳೆ ಮುರಿದರೆ 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದವರು ಬೇಗ ಎದ್ದು ನಡೆಯುತ್ತಾರೆ. ಎಣ್ಣೆ ಹಚ್ಚಿ, ಕಟ್ಟು ಹಾಕಿಸಿ ವಾರ ಕಳೆದವರು ಹಾಸಿಗೆಯಲ್ಲೇ ಉಳಿಯುತ್ತಾರೆ, ನ್ಯುಮೋನಿಯಾ, ಬೆನ್ನಿನ ಹುಣ್ಣು ಹಿಂಬಾಲಿಸುತ್ತವೆ. ಬಿದ್ದ ಮೇಲೆ ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ ಬಿದ್ದಿದ್ದರೆ ಅದು ಉಳುಕಲ್ಲ.

ಮಳೆಗೆ ಮೊದಲು ಬ್ಲೀಚಿಂಗ್ ಪುಡಿ ಹಾಕಿ ಗೊರಸಿ, ಮನೆಯಿಂದ ಬಾವಿಗೆ, ಹಟ್ಟಿಗೆ ಹೋಗುವ ದಾರಿಗೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸುವ ಹಳೆಯ ಕ್ರಮವೇ ಇವತ್ತಿಗೂ ಒಳ್ಳೆಯದು. ದಬ್ಬೆಗಳನ್ನು ನಡೆಯುವ ದಿಕ್ಕಿಗೆ ಅಡ್ಡವಾಗಿ ಹಾಸಬೇಕು, ಉದ್ದಕ್ಕೆ ಹಾಸಿದರೆ ಅದೇ ಜಾರುತ್ತದೆ. ಹಳೆಯ ಮನೆಗಳ ಜಗಲಿ ಎತ್ತರ. ಗಾಲಿಕುರ್ಚಿಗೆ ಇಳಿಜಾರು ಮಾಡುವಾಗ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. 60 ಸೆಂ.ಮೀ. ಜಗಲಿಗೆ 7.2 ಮೀಟರ್. ಗಾರೆಯವರು ಜಾಗ ಉಳಿಸಲು ಮೂರು ಮೀಟರಿನಲ್ಲಿ ಮುಗಿಸಿಬಿಡುತ್ತಾರೆ, ಆ ಕಡಿದಾದ ಇಳಿಜಾರಿನಲ್ಲಿ ಕುರ್ಚಿ ಹಿಡಿದವರೂ ಜಾರುತ್ತಾರೆ. ಬಚ್ಚಲಿನ ಬಾಗಿಲು ಕನಿಷ್ಠ 80 ಸೆಂ.ಮೀ. ಅಗಲವಿದ್ದು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಬಿದ್ದವರನ್ನು ತೆಗೆಯಲು ಬಾಗಿಲು ಒಡೆಯಬೇಕಾಗುತ್ತದೆ. ಕಮೋಡಿನ ಕೂರುವ ಎತ್ತರ 45 ಸೆಂ.ಮೀ. ಆಸುಪಾಸು. ಹಿಡಿಕೆಯನ್ನು ಕೆಂಪು ಕಲ್ಲಿನ ಗೋಡೆಗೆ ಸಣ್ಣ ಪ್ಲಾಸ್ಟಿಕ್ ಪ್ಲಗ್ ಹಾಕಿ ಕೂರಿಸಿದರೆ ಮುರಕಲ್ಲು ಪುಡಿಯಾಗಿ, ಭಾರ ಬಿದ್ದ ದಿನವೇ ಕಿತ್ತು ಬರುತ್ತದೆ. ಉದ್ದದ ಬೋಲ್ಟು, ಅದರ ಸುತ್ತ ಸಿಮೆಂಟು ತುಂಬಿ ಕೂರಿಸಬೇಕು.

ಕರೆಂಟು ಇನ್ನೊಂದು ಲೆಕ್ಕ. 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ. 150 ಎಎಚ್‌ನ ಒಂದು ಬ್ಯಾಟರಿ ಹೊಸದಿದ್ದಾಗಲೂ ಅದನ್ನು ಸರಿಸುಮಾರು ನಾಲ್ಕು ಗಂಟೆ ಎಳೆದೀತು. ಮರ ಬಿದ್ದು ಲೈನು ಹೋದರೆ ಎರಡು ದಿನ ಕಾಯುವ ಒಳನಾಡಿನಲ್ಲಿ ಅದು ಸಾಲದು, ಒಂದು ಸಿಲಿಂಡರ್ ಇರಲೇಬೇಕು. ಇನ್ಸುಲಿನ್‌ಗೆ ಇಷ್ಟು ಗಾಬರಿ ಬೇಡ. ಬಳಕೆಯಲ್ಲಿರುವ ಸೀಸೆ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಹಾಳಾಗದು, ಒದ್ದೆ ಮಡಕೆಯಲ್ಲಿಟ್ಟರೆ ಸಾಕು.

ತೋಟದ ಆದಾಯವನ್ನು ಪಿಂಚಣಿಯಂತೆ ನಂಬಿ ಬರುವವರಿಗೆ ಒಂದು ಮಾತು. ಅಡಿಕೆಯ ಕೊಳೆರೋಗವಾದ ಮಹಾಳಿಗೆ ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ 40–45 ದಿನಕ್ಕೆ ಬೋರ್ಡೋ ದ್ರಾವಣ ಬಿಡಬೇಕು, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮದ್ದು ಕಲಸುವುದು ಸುಲಭ, ಮರ ಹತ್ತುವವರನ್ನು ಆ ಹತ್ತು ದಿನದೊಳಗೆ ಹಿಡಿಯುವುದೇ ಕಷ್ಟ. ಆಸ್ಪತ್ರೆಯಲ್ಲಿ ಹದಿನೈದು ದಿನ ಕಳೆದ ಜುಲೈಯಲ್ಲಿ ಮದ್ದು ತಪ್ಪಿದರೆ ಕಾಯಿ ಉದುರುತ್ತದೆ. ಖರ್ಚು ಏರಿದ ವರ್ಷವೇ ಆದಾಯ ಇಳಿಯುತ್ತದೆ. ಆದ್ದರಿಂದ ತೋಟದ ಹಣವನ್ನು ಚಿಕಿತ್ಸೆಯ ನಿಧಿ ಎಂದು ಎಣಿಸಬಾರದು.

ಕೇರಳದ ಹಳ್ಳಿಯಲ್ಲಿ ಮಾತ್ರ ಸಿಗುವುದು

2011ರ ಜನಗಣತಿಯಲ್ಲೇ ಕೇರಳದ ಜನರಲ್ಲಿ ಶೇಕಡಾ 12.6 ಮಂದಿ 60 ದಾಟಿದವರು, ದೇಶದ ಸರಾಸರಿ 8.6. ಆ ಒತ್ತಡವೇ ಇಲ್ಲಿ ಒಂದು ವ್ಯವಸ್ಥೆಯನ್ನು ಬೆಳೆಸಿದೆ. 2008ರಲ್ಲಿ ಕೇರಳ ಉಪಶಾಮಕ ಆರೈಕೆಗೆ, ನಮ್ಮ ಮಾತಿನಲ್ಲಿ ಪ್ಯಾಲಿಯೇಟಿವ್‌ಗೆ, ದೇಶದಲ್ಲೇ ಮೊದಲಾಗಿ ನೀತಿ ರೂಪಿಸಿತು. ಪಂಚಾಯತ್‌ಗಳು ಇದಕ್ಕೆ ಹಣ ತೆಗೆದಿಡುತ್ತವೆ. ತರಬೇತಿ ಪಡೆದ ದಾದಿ, ಆಶಾ ಕಾರ್ಯಕರ್ತೆಯೊಂದಿಗೆ ಜೀಪಿನಲ್ಲಿ ಮನೆಗೆ ಬರುತ್ತಾರೆ. ಮೂತ್ರದ ನಳಿಗೆ ಬದಲಿಸುತ್ತಾರೆ, ಬೆನ್ನಿನ ಹುಣ್ಣಿಗೆ ಕಟ್ಟು ಹಾಕುತ್ತಾರೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಕಲಿಸುತ್ತಾರೆ. ಗಾಳಿಹಾಸಿಗೆ, ವಾಕರ್, ಗಾಲಿಕುರ್ಚಿ ಎರವಲಾಗಿ ಸಿಗುವುದುಂಟು. ಕ್ಯಾನ್ಸರಿನ ಕೊನೆಯ ನೋವಿಗೆ ಮಾರ್ಫಿನ್ ಮಾತ್ರೆ ನೋಂದಾಯಿತ ಕೇಂದ್ರದ ಮೂಲಕ ಮನೆಗೇ ತಲುಪುತ್ತದೆ.

ಮಂಗಳೂರಿನ ಫ್ಲ್ಯಾಟಿನಲ್ಲಿ ಇದೇ ಆರೈಕೆಗೆ ಏಜೆನ್ಸಿಯಿಂದ ಹೋಮ್ ನರ್ಸ್ ಕರೆಯಬೇಕು, ತಿಂಗಳ ಲೆಕ್ಕದಲ್ಲಿ ಹಣ ಕೊಡಬೇಕು, ಆಕೆ ರಜೆ ಹೋದರೆ ಬದಲಿಗೆ ಹುಡುಕಬೇಕು. ಹಾಸಿಗೆ ಹಿಡಿದವರ ಕೊನೆಯ ಎರಡು ಮೂರು ವರ್ಷಕ್ಕೆ ಹಳ್ಳಿಯ ಮನೆಯೇ ಹೆಚ್ಚು ಆಸರೆ ಎಂದು ನಾವು ಹೇಳುವುದು ಇದಕ್ಕಾಗಿ. ಪೇಟೆಗೆ ಹೋಗಬೇಕಾದ ವಯಸ್ಸೆಂದು ಜನ ಎಣಿಸುವುದು ಆ ಕೊನೆಯ ಹಂತವನ್ನೇ. ಲೆಕ್ಕ ನೋಡಿದರೆ ತಿರುಗುಮುರುಗು. ಪೇಟೆ ಬೇಕಾಗುವುದು ನಡುವಿನ ಹಂತಕ್ಕೆ, ಶಸ್ತ್ರಚಿಕಿತ್ಸೆ, ಕಿಮೋ, ಡಯಾಲಿಸಿಸ್, ಫಿಸಿಯೋಥೆರಪಿ ನಡೆಯುವ ಕಾಲಕ್ಕೆ. ಪ್ಯಾಲಿಯೇಟಿವ್‌ಗೆ ಹೆಸರು ಬರೆಸಲು ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ, ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ, ಆಧಾರ್, ರೇಷನ್ ಕಾರ್ಡಿನ ಪ್ರತಿ ಒಯ್ಯಿರಿ, ವಾರ್ಡ್ ಸದಸ್ಯರಿಗೂ ತಿಳಿಸಿ. ಬೆಂಗಳೂರಿನ ರೇಷನ್ ಕಾರ್ಡು, ಬೆಂಗಳೂರಿನ ಆಧಾರ್ ವಿಳಾಸ ಇಟ್ಟುಕೊಂಡೇ ಹತ್ತು ವರ್ಷ ಊರಲ್ಲಿ ಕಳೆದವರಿಗೆ ತೊಡಕಾಗುವುದು ಇಲ್ಲಿ.

ಇಲ್ಲಿರುವ ನಿಜವಾದ ಕೊರತೆ ಭಾಷೆಯದು. ಸರಕಾರಿ ಆಸ್ಪತ್ರೆಗಳಿಗೆ ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬರುವ ವೈದ್ಯರು, ದಾದಿಯರಿಗೆ ಕನ್ನಡ, ತುಳು ತಿಳಿಯದು. ‘ತಿಗಲೆ ಬೇನೆ’ ಎಂದ ಅಜ್ಜಿಗೆ ಎದೆನೋವು ಎಂದು ಅವರಿಗೆ ಹೊಳೆಯದೆ ಹೋದರೆ ಇಸಿಜಿ ತಡವಾಗುತ್ತದೆ. ಗೋಡೆಯ ಫಲಕದ ‘ಪ್ರಮೇಹಂ’ ಎಂದರೆ ಸಕ್ಕರೆ ಕಾಯಿಲೆ; ಕನ್ನಡದ ಹಿರಿಯರಿಗೆ ಆ ಪದ ಗುಹ್ಯರೋಗವಾಗಿ ಕೇಳಿಸುತ್ತದೆ. ‘ಮುಟ್ಟುವೇದನ ಉಂಡೋ’ ಎಂದು ಕೇಳಿದರೆ ಮೊಣಕಾಲು ನೋವಿದೆಯೇ ಎಂದು. ಎಪ್ಪತ್ತರ ಹೆಂಗಸಿಗೆ ಅದು ಬೇರೆಯೇ ಅರ್ಥ ಕೊಟ್ಟು ನಾಚಿಕೆಯಿಂದ ಬಾಯಿ ಕಟ್ಟಿಬಿಡುತ್ತದೆ. ಭಾಷಾ ಅಲ್ಪಸಂಖ್ಯಾತರ ನಾಡಿನಲ್ಲಿ ಪ್ರತಿ ಹೊರರೋಗಿ ವಿಭಾಗಕ್ಕೆ ಕನ್ನಡ ಬಲ್ಲ ಒಬ್ಬರಾದರೂ ಬೇಕೆಂಬುದು ಸೌಜನ್ಯದ ಕೇಳಿಕೆಯಲ್ಲ, ಚಿಕಿತ್ಸೆಯ ಭಾಗ. ಅಷ್ಟರವರೆಗೆ ಮಾಡಬಹುದಾದದ್ದು: ಇರುವ ಕಾಯಿಲೆಗಳು, ಈಗಿನ ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಅಲರ್ಜಿ, ರಕ್ತದ ಗುಂಪು, ಮಕ್ಕಳ ಫೋನ್ ನಂಬರನ್ನು ಒಂದೇ ಹಾಳೆಯಲ್ಲಿ ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಬರೆಸಿ ಲ್ಯಾಮಿನೇಟ್ ಮಾಡಿ ಬಾಗಿಲ ಹಿಂದೆ ತೂಗುಹಾಕುವುದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಅದನ್ನು ಕೆಂಪಿನಲ್ಲಿ ಬರೆಯಿರಿ.

ನಡುವಣ ದಾರಿ, ಮತ್ತು ಆಟಿಯ ಪರೀಕ್ಷೆ

ಫ್ಲ್ಯಾಟಿಗೂ ಪ್ರಶ್ನೆಗಳಿವೆ. ಆರೆಂಟು ಜನರ ಸಾಮಾನ್ಯ ಲಿಫ್ಟಿನಲ್ಲಿ ಸ್ಟ್ರೆಚರ್ ಮಲಗದು. ಕೊಳ್ಳುವ ಮೊದಲು ಟೇಪು ಹಿಡಿದು ಅಳೆಯಿರಿ. ಜನರೇಟರ್ ಲಿಫ್ಟಿಗೂ ಇದೆಯೇ, ಬೇಸಿಗೆಯಲ್ಲಿ ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನ ನೀರು ಇಳಿದಾಗ ಟ್ಯಾಂಕರ್ ಖರ್ಚು ಯಾರದು ಎಂದು ಕೇಳಿ. ಬೆಂಗಳೂರಿನಲ್ಲಿ ಮಕ್ಕಳಿದ್ದಾರೆಂದು ಅಲ್ಲಿಗೆ ಹೋಗುವವರು, ಮಕ್ಕಳು ಮೂರು ವರ್ಷದಲ್ಲಿ ಬೇರೆ ದೇಶಕ್ಕೆ ಹೋಗಬಹುದೆಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ನಮ್ಮ ಆಯ್ಕೆ ಕೇಳಿದರೆ, ತೋಟದ ಮನೆ ಬಿಡದೆ ಹೆದ್ದಾರಿಯ ಬದಿಯ ಕುಂಬಳೆ, ಉಪ್ಪಳ, ಹೊಸಂಗಡಿಯಂಥ ಪೇಟೆಯಲ್ಲಿ ನೆಲ ಅಂತಸ್ತಿನ ಎರಡು ಕೋಣೆ. ಇದೂ ಕೇರಳವೇ. ಪಂಚಾಯತ್‌ನ ಸೌಲಭ್ಯ ಉಳಿಯುತ್ತದೆ, ದೇರಳಕಟ್ಟೆ ಹತ್ತಿರವಾಗುತ್ತದೆ, ರೈಲು ನಿಲ್ದಾಣ ಸಿಗುತ್ತದೆ, ವಾರಕ್ಕೊಮ್ಮೆ ತೋಟ ನೋಡಿ ಬರಬಹುದು. ಮೊದಲಿಗೆ ಬಾಡಿಗೆಗೆ ಹಿಡಿಯಿರಿ. ಆಸ್ತಿ ಮಾರಿ ಫ್ಲ್ಯಾಟು ಕೊಳ್ಳುವುದು, ಮಕ್ಕಳ ಹೆಸರಿಗೆ ದಾನಪತ್ರ ಮಾಡುವುದು ಎರಡನ್ನೂ ಮುಂದೂಡಿ. ದಾನಪತ್ರ ಮಾಡಲೇಬೇಕಾದರೆ, ತನ್ನನ್ನು ನೋಡಿಕೊಳ್ಳಬೇಕು, ತಪ್ಪಿದರೆ ಪತ್ರ ರದ್ದಾಗಬೇಕು ಎಂಬ ಷರತ್ತು ಪತ್ರದಲ್ಲೇ ಇರಲಿ. 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಸೆಕ್ಷನ್ ಕೈಹಿಡಿಯಬೇಕಾದರೆ ಆ ಷರತ್ತು ಕಾಗದದಲ್ಲಿರುವುದೇ ಕ್ಷೇಮ. ಬಾಯಿಮಾತಿನ ಮೇಲೆ ಬರೆದುಕೊಟ್ಟು ಆಮೇಲೆ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವುದು ಎಪ್ಪತ್ತೈದರ ವಯಸ್ಸಿಗೆ ಬಹಳ ದುಬಾರಿ.

ನಿರ್ಧಾರಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ. ಊರಿಗೆ ಹೋಗಿ ನೋಡುವವರೆಲ್ಲ ಡಿಸೆಂಬರಿನಲ್ಲಿ ಹೋಗುತ್ತಾರೆ. ಯಕ್ಷಗಾನ, ಕೋಲ, ಮದುವೆಗಳ ಕಾಲ, ರಸ್ತೆ ಒಣಗಿರುತ್ತದೆ, ನೆಂಟರಿರುತ್ತಾರೆ. ನೀವು ಜುಲೈಯಲ್ಲಿ ಹೋಗಿ ಆರು ವಾರ ಇಬ್ಬರೇ ಇರಿ. ಒಂದು ರಾತ್ರಿ ಹನ್ನೊಂದಕ್ಕೆ, ಮಳೆ ಬರುತ್ತಿರುವಾಗಲೇ, ಆಟೋದವನನ್ನು ಕರೆದು ಮಲಗುವ ಕೋಣೆಯಿಂದ ತುರ್ತು ಚಿಕಿತ್ಸಾ ಘಟಕದ ಬಾಗಿಲಿನವರೆಗೆ ಹೋಗಿ ಬನ್ನಿ. ಹೊರಟ ಹೊತ್ತು, ಡಾಮರು ರಸ್ತೆ ಮುಟ್ಟಿದ ಹೊತ್ತು, ಬಾಗಿಲು ತಲುಪಿದ ಹೊತ್ತು, ಮೂರನ್ನೂ ಬರೆದುಕೊಳ್ಳಿ. ಮೊದಲ ಎರಡರ ನಡುವೆ 20 ನಿಮಿಷಕ್ಕಿಂತ ಹೆಚ್ಚಾದರೆ ಫ್ಲ್ಯಾಟು ಹುಡುಕುವ ಮೊದಲು ಸಂಕಕ್ಕೆ ಕಾಂಕ್ರೀಟು ಹಾಕಿಸುವುದಕ್ಕೆ ಎಷ್ಟಾಗುತ್ತದೆಂದು ಕೇಳಿ ನೋಡಿ.